ಹುಲ್ಲು ಕೊಯ್ಯುವ ರಥ



ಒಂದು ವರ್ಷದ ವೈಶಾಖ-ಜ್ಯೇಷ್ಠ ಮಾಸಗಳನ್ನು ಅಮೆರಿಕದ ಓಹಾಯೋ ರಾಜ್ಯದಲ್ಲಿ ಮಗನ ಮನೆಯಲ್ಲಿ ಕಳೆಯುವ ಸುಯೋಗ ನನಗೊದಗಿತ್ತು. ಮನೆಯ ಸುತ್ತ ಅರ್ಧ ಎಕರೆ, ಎಂದರೆ ನಮ್ಮ ಲೆಕ್ಕದ 20 ಗುಂಟೆ, ಹುಲ್ಲುಹಾಸು. ಒಂದು ಸೇರು ರಾಗಿಯನ್ನೂ ಕೊಡದ ಆ ನೆಲಕ್ಕೆ ಅವನು ಸಲ್ಲಿಸುತ್ತಿದ್ದ ಶುಶ್ರೂಷೆಯನ್ನು ಕಂಡು ರೈತನ ಮಗನಾದ ನಾನು ಒಳಗೊಳಗೇ ನಗುತ್ತಿದ್ದೆನೆಂಬುದನ್ನು ಮರೆಮಾಚಲಾರೆ. ಅವನು ಕುಳಿತು ನಡೆಸುವ ಹೊಸ ಮೋವರ್ ಒಂದನ್ನು ಕೊಂಡು ತಂದು, ಶನಿವಾರ ಬೆಳಗ್ಗೆ, “ಅಣ್ಣ, ಇವತ್ತು ನೀವೇ ಹೊಡೀರಿ, ಎತ್ತರ ಮಾತ್ರ ಮೂರು ಇಂಚಿಗಿರಲಿ” ಎಂದು ಬೀಗದ ಕೈಯನ್ನು ನನಗಿತ್ತನು.

ನೋಟಕ್ಕೆ ಅದೊಂದು ಪುಟ್ಟ ಟ್ರ್ಯಾಕ್ಟರು. ಹೊಟ್ಟೆಯಡಿಯಲ್ಲಿ ಬೋಗುಣಿಯನ್ನು ಬೋರಲಿಟ್ಟಂತಹ ತಗಡಿನ ಕವಚ, ಅದರೊಳಗೆ ಭರದಿಂದ ತಿರುಗುವ ಅಲಗುಗಳು. ಒಮ್ಮೆಗೇ ಬೋಳಿಸಿಬಿಟ್ಟರೆ ವಾರವಾರದ ಕಷ್ಟ ತಪ್ಪೀತೆಂಬ ಜಾಣತನದಿಂದ, ಅದೂ ಇಬ್ಬನಿ ಆರುವ ಮುನ್ನವೇ, ಅಲಗನ್ನು ತೀರ ಕೆಳಗಿಳಿಸಿ ಹೊರಟೆನು. ಹತ್ತು ಮಾರು ಸಾಗುವಷ್ಟರಲ್ಲಿ ಒದ್ದೆ ಹುಲ್ಲು ಕವಚದೊಳಗೆ ಮುದ್ದೆಗಟ್ಟಿ, ಸಗಣಿಯ ಉಂಡೆಗಳಂತೆ ಹಿಂದೆ ಉದುರತೊಡಗಿತು. ಏನಾಯಿತೆಂದು ನೋಡಲು ಆಸನದಿಂದೆದ್ದೆನೋ ಇಲ್ಲವೋ, ಎಂಜಿನ್ ಸ್ತಬ್ಧ! ಕೆಟ್ಟಿತೆಂದು ಹೌಹಾರಿದೆನು. ಕೆಟ್ಟಿರಲಿಲ್ಲ, ಅಲಗು ತಿರುಗುತ್ತಿರುವಾಗ ಸವಾರನ ಭಾರ ತಪ್ಪಿದರೆ ಯಂತ್ರ ತಾನಾಗಿ ನಿಲ್ಲಲೆಂದು ಆಸನದಡಿ ಒಂದು ಸ್ವಿಚ್ಚನ್ನಿರಿಸಿದ್ದರು. ಮೇಳಿಯಿಂದ ಕೈತೆಗೆದರೆ ಎತ್ತುಗಳಾದರೂ ನಾಲ್ಕು ಹೆಜ್ಜೆ ಮುಂದೆ ಹೋದಾವು.

ಈ ಯಂತ್ರಕುಲದ ಮೂಲಪುರುಷನು ಹುಟ್ಟಿದ್ದು ತೋಟದಲ್ಲಲ್ಲ, ಬಟ್ಟೆಯ ಗಿರಣಿಯ ನೆರಳಿನಲ್ಲಿ. ಇಂಗ್ಲೆಂಡಿನ ಸ್ಟ್ರೌಡ್ ಪ್ರದೇಶದ ಎಡ್ವಿನ್ ಬಡ್ಡಿಂಗ್ ಎಂಬಾತನು, ಉಣ್ಣೆಯ ಬಟ್ಟೆಯ ಮೇಲೆದ್ದ ಜುಂಗನ್ನು ಕತ್ತರಿಸಿ ಸಮಮಾಡುವ ಯಂತ್ರವನ್ನು ಕಂಡು, ಅದೇ ತತ್ತ್ವವನ್ನು ಹುಲ್ಲಿಗೂ ಅನ್ವಯಿಸಿ, 1830ರಲ್ಲಿ ಪೇಟೆಂಟ್ ಪಡೆದನು. ಅಂದಿನಿಂದ ಹುಲ್ಲು ನೆಲಕ್ಕೆ ಹಾಸಿದ ವಸ್ತ್ರವೆಂಬ ಭಾವ ಲೋಕದಲ್ಲಿ ಬೇರೂರಿತೆಂದು ತೋರುತ್ತದೆ. ಆದರೆ ವಸ್ತ್ರ ಬೆಳೆಯದು. ಹುಲ್ಲಿನ ಬೆಳವಣಿಗೆಯ ಕಣ್ಣು ತುದಿಯಲ್ಲಿರದೆ ಬುಡದ ಬಳಿ ಅಡಗಿರುವುದರಿಂದಲೇ ಅದು ಹಸುವಿನ ಹಲ್ಲನ್ನೂ ಯಂತ್ರದ ಅಲಗನ್ನೂ ಸಹಿಸಿ ಮತ್ತೆ ಚಿಗುರುತ್ತದೆ. ಒಂದು ಸಲಕ್ಕೆ ಎತ್ತರದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕೊಯ್ದರೆ ಮಾತ್ರ ಬೇರು ಸೊರಗುತ್ತದೆ. ನನ್ನ ಜಾಣತನದ ಪಟ್ಟೆ ನಾಲ್ಕೇ ದಿನಗಳಲ್ಲಿ ಹಳದಿಗಟ್ಟಿ ಆ ಪಾಠವನ್ನು ಬೀದಿಗೆಲ್ಲ ಸಾರಿತು. ಮಗ ಏನೂ ಅನ್ನಲಿಲ್ಲ, ಸೊಸೆ ನಕ್ಕಳು.

ಬಾಲ್ಯದಲ್ಲಿ ಚೌತಿಯ ಬೆಳಗ್ಗೆ ಅಜ್ಜಿಯೊಡನೆ ಗದ್ದೆಯ ಬದುವಿನಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಒಂದೊಂದೇ ಕುಡಿಯನ್ನು ನೋಡಿ, ಹುಳು ಮುಟ್ಟಿದ್ದನ್ನು ಬಿಟ್ಟು, 21 ಗರಿಕೆಗಳನ್ನು ಚಿವುಟಿ ತರುತ್ತಿದ್ದೆನು. ಇಲ್ಲಿಯಾದರೋ ಮೆತ್ತನೆಯ ಆಸನದಲ್ಲಿ ಮೂರಡಿ ಮೇಲೆ ಕುಳಿತು, ಲಕ್ಷಾಂತರ ಕುಡಿಗಳನ್ನು ಕೊಯ್ದೂ ಒಂದನ್ನೂ ಕಂಡಿರಲಿಲ್ಲ. ಯಂತ್ರವನ್ನು ನಾನು ಹಳಿಯುತ್ತಿಲ್ಲ. ಮಂಡಿನೋವಿನವನಿಗೆ ಅದು ಪರಮೋಪಕಾರಿ.

ಮುಂದಿನ ಶನಿವಾರ ಬಿಸಿಲೇರಿ ಹುಲ್ಲು ಒಣಗಿದ ಮೇಲೆ, ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡೇ, ಕಲ್ಲು ಕಡ್ಡಿ ಚೆಂಡುಗಳನ್ನು ಹೆಕ್ಕುವ ನೆಪದಿಂದ ಹಾಸನ್ನೆಲ್ಲ ಕಾಲ್ನಡಿಗೆಯಲ್ಲಿ ಒಮ್ಮೆ ಸುತ್ತಿದೆನು. ನಡುವೆ ಒಂದೆಡೆ ಒಣಹುಲ್ಲು ಅಂಗೈಯಗಲ ಉಬ್ಬಿತ್ತು. ಬೆರಳಿನಿಂದ ಮೆಲ್ಲನೆ ಸರಿಸಿದರೆ, ತಾಯಿಮೊಲ ತನ್ನ ಎದೆಯ ತುಪ್ಪಳವನ್ನೇ ಕಿತ್ತು ಹಾಸಿದ ಗುಳಿಯಲ್ಲಿ, ಇನ್ನೂ ಕಣ್ಣುಬಿಡದ ನಾಲ್ಕು ಮರಿಗಳು ಒಂದರ ಮೇಲೊಂದು ಮಲಗಿ ಉಸಿರಾಡುತ್ತಿದ್ದವು. ಹುಲ್ಲನ್ನು ಇದ್ದಂತೆಯೇ ಮುಚ್ಚಿ, ಪಕ್ಕದಲ್ಲೊಂದು ಕೋಲು ನೆಟ್ಟು, ಆಮೇಲೆ ಮೋವರ್ ಹತ್ತಿದೆನು. ಮರಿಗಳು ಗೂಡುಬಿಡುವವರೆಗೆ, ಸುಮಾರು ಮೂರು ವಾರ, ಕೋಲಿನ ಸುತ್ತ ಎರಡು ಮೊರದಗಲ ಹುಲ್ಲು ಕೊಯ್ಯದೆಯೇ ಉಳಿಯಿತು.