ಉಪಾಧ್ಯಾಯರ ಬಳಲಿಕೆಯೂ ಕಾಯಕದ ಅಳತೆಯೂ

 

ಶ್ರೀಮಠದ ಈ ಮಹೋತ್ಸವದಲ್ಲಿ ವಿದ್ಯಾದಾನದ ವಿಷಯವಾಗಿ ನಾಲ್ಕು ಮಾತುಗಳನ್ನು ಆಡಬೇಕೆಂದು ಅಪ್ಪಣೆಯಾಗಿದೆ. ವಿದ್ಯಾದಾನದ ಹಿರಿಮೆಯನ್ನು ಈ ಪೀಠದ ಮುಂದೆ ವರ್ಣಿಸುವುದು ಸೂರ್ಯನಿಗೆ ದೀವಿಗೆ ಹಿಡಿದಂತಾದೀತು. ಆದುದರಿಂದ ಅದನ್ನು ಬಿಟ್ಟು, ಆ ದಾನವನ್ನು ಕೈಯಾರೆ ಬಡಿಸತಕ್ಕ ಉಪಾಧ್ಯಾಯರ ಬಳಲಿಕೆಯನ್ನು ಕುರಿತು ಅರಿಕೆ ಮಾಡಿಕೊಳ್ಳುತ್ತೇನೆ.

ಉಪಾಧ್ಯಾಯನೊಬ್ಬನು ದಣಿದೆನೆಂದರೆ ನಮ್ಮವರ ಬಾಯಲ್ಲಿ ಸಿದ್ಧವಾಗಿರುವ ಉತ್ತರವೊಂದುಂಟು: "ಮಾಸ್ತರಿಕೆಯೆಂಬುದು ಕಾಯಕವಲ್ಲವೇ? ಕಾಯಕದಲ್ಲಿ ದಣಿವೆಲ್ಲಿಯದು?" ಕೇಳುವುದಕ್ಕೆ ಇಂಪಾದ ಮಾತು. ಆದರೆ ಇದು ಶರಣರ ಮಾತಿನ ತಿರುಳೋ, ಅಥವಾ ಅವರ ಹೆಸರಿನಲ್ಲಿ ನಾವು ಹೊರಿಸುತ್ತಿರುವ ಹೊರೆಯೋ ಎಂಬುದನ್ನು ಸ್ವಲ್ಪ ವಿಚಾರಿಸಬೇಕಾಗಿದೆ.

ಮೊದಲು ದೇಹದ ಮಾತು. ಒಕ್ಕಲಿಗನಿಗೆ ನೇಗಿಲು ಹೇಗೋ ಉಪಾಧ್ಯಾಯನಿಗೆ ಕಂಠವು ಹಾಗೆ. ಅಮೆರಿಕ ದೇಶದ ಎರಡು ಪ್ರಾಂತಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಶೋಧನೆಯೊಂದರಂತೆ, ಶಾಲಾ ಉಪಾಧ್ಯಾಯರಲ್ಲಿ ನೂರಕ್ಕೆ 57ಕ್ಕಿಂತ ಹೆಚ್ಚು ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಧ್ವನಿಯ ವ್ಯಾಧಿ ತಗುಲಿತ್ತು. ಇತರ ವೃತ್ತಿಯವರಲ್ಲಿ ಅದು ನೂರಕ್ಕೆ ಸುಮಾರು 29 ಮಾತ್ರ. ಅಲ್ಲಿಗಿಂತ ಮಕ್ಕಳು ಹೆಚ್ಚಾಗಿ, ತಗಡಿನ ಮಾಡಿನ ಮೇಲೆ ಮಳೆ ಬಡಿಯುತ್ತಿರುವ ನಮ್ಮ ಕೋಣೆಗಳಲ್ಲಿ ಕಂಠದ ಗತಿಯೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಸಿದ ನೀರು, ಜ್ಯೇಷ್ಠಮಧು ಎಂದು ನಾವು ಉಪಚಾರ ಹೇಳುತ್ತೇವೆ. ಮಾತಿಗೆ ಬಿಡುವು ಕೊಡುವುದೇ ಮೊದಲ ಔಷಧವೆಂಬುದನ್ನು ಮರೆಯುತ್ತೇವೆ.

ಮನಸ್ಸಿನ ಬಳಲಿಕೆಯು ಇದಕ್ಕಿಂತ ಗೂಢವಾದುದು. ಸೇವಾವೃತ್ತಿಗಳಲ್ಲಿ ತೊಡಗಿದವರು ಎಣ್ಣೆ ತೀರಿದ ಹಣತೆಯಂತೆ ಆಗುವುದನ್ನು 1974ರಲ್ಲಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನೋವಿಜ್ಞಾನಿಯು ಬರೆದು ತೋರಿಸಿದನು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದಕ್ಕೆ ಮೂರು ಲಕ್ಷಣಗಳನ್ನು ಹೇಳಿತು: ಶಕ್ತಿಯು ಬತ್ತುವುದು, ಕೆಲಸದಿಂದ ಮನಸ್ಸು ದೂರವಾಗಿ ಕಹಿಯಾಗುವುದು, ತನ್ನಿಂದ ಏನೂ ಆಗದೆಂಬ ಭಾವನೆ ಬೇರೂರುವುದು. ಇದು ರೋಗವಲ್ಲ, ಕೆಲಸದ ಸ್ಥಳದಲ್ಲಿ ಬಹುಕಾಲ ಪರಿಹಾರವಾಗದೆ ಉಳಿದ ಒತ್ತಡದ ಫಲ ಎಂದು ಆ ಸಂಸ್ಥೆಯು ಸ್ಪಷ್ಟಪಡಿಸಿರುವುದು ಗಮನಾರ್ಹವು. ಹಾಗಿದ್ದ ಮೇಲೆ ಬಳಲಿದವನೊಬ್ಬನಿಗೇ ಧ್ಯಾನವನ್ನೂ ಪ್ರಾಣಾಯಾಮವನ್ನೂ ಉಪದೇಶಿಸಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಶಿವಯೋಗವು ಹಿರಿದಾದುದೇ ಸರಿ. ಆದರೆ ಎತ್ತಿನ ಹೆಗಲು ಹುಣ್ಣಾದಾಗ ನೊಗವನ್ನು ನೋಡದೆ ಎತ್ತಿಗೆ ತಾಳ್ಮೆಯನ್ನು ಬೋಧಿಸುವವನನ್ನು ಜಾಣನೆನ್ನಲಾರೆವು.

ನೊಗವೆಂಥದೆಂದರೆ, ಹಳ್ಳಿಯ ಏಕೋಪಾಧ್ಯಾಯ ಶಾಲೆಯನ್ನು ನೆನೆಯಿರಿ. ಐದು ತರಗತಿಗಳು, ಒಬ್ಬರೇ ಅಧ್ಯಾಪಕಿ. ಒಂದನೆಯ ತರಗತಿಗೆ ಅಕ್ಷರ ತಿದ್ದಿಸುತ್ತಿರುವಾಗ ನಾಲ್ಕನೆಯದು ಗದ್ದಲವೆಬ್ಬಿಸಿರುತ್ತದೆ. ಅಷ್ಟರಲ್ಲಿ ಅಡುಗೆಯವರು ಅಕ್ಕಿ, ಬೇಳೆ ಅಳೆಸಿಕೊಳ್ಳಲು ಬಾಗಿಲಿಗೆ ಬರುತ್ತಾರೆ. ಹಾಲಿನ ಪುಡಿ, ಮೊಟ್ಟೆ, ಬಾಳೆಹಣ್ಣುಗಳ ಲೆಕ್ಕ ಬೇರೆ. ಹಸಿದ ಮಗುವಿಗೆ ಅನ್ನವಿಕ್ಕುವ ಯೋಜನೆಗೆ ನಮ್ಮ ನಾಡು ಅಕ್ಷರ ದಾಸೋಹವೆಂಬ ಹೆಸರಿಟ್ಟುದು ಶರಣಪರಂಪರೆಗೆ ಸಂದ ಗೌರವ. ಅದನ್ನು ನಾನು ಆಕ್ಷೇಪಿಸುತ್ತಿಲ್ಲ. ಲೆಕ್ಕ ಬರೆಯುವ ಕೈಯೂ ತಿದ್ದಿಸುವ ಕೈಯೂ ಒಂದೇ ಆಗಿರುವುದು ಮಾತ್ರ ನನ್ನ ಆಕ್ಷೇಪಣೆ. ಸಂಜೆ ಮನೆಗೆ ಹೋದ ಮೇಲೂ ಮೊಬೈಲಿನಲ್ಲಿ ಮಾಹಿತಿ ತುಂಬುವ ಸಂದೇಶ ಬರುತ್ತದೆ. ಆ ತಾಯಿಗೆ ತನ್ನ ಮನೆಯ ಒಲೆಯೂ ಇದೆ.

2009ರ ಶಿಕ್ಷಣ ಹಕ್ಕಿನ ಕಾಯಿದೆಯು ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರನ್ನುಳಿದು ಶಿಕ್ಷಣೇತರ ಕೆಲಸಕ್ಕೆ ಉಪಾಧ್ಯಾಯರನ್ನು ನಿಯೋಜಿಸಕೂಡದೆಂದು 27ನೆಯ ಪ್ರಕರಣದಲ್ಲಿ ವಿಧಿಸಿದೆ. ಪಾಠದ ಸಿದ್ಧತೆಯೂ ಸೇರಿ ವಾರಕ್ಕೆ 45 ಗಂಟೆಗಳೆಂದು ಅದರ ಅನುಸೂಚಿ ಹೇಳುತ್ತದೆ. ಆದರೂ 2025ರ ಸೆಪ್ಟೆಂಬರ್ 22ರಿಂದ ನಡೆದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ತಿರುಗಿದವರು ಬಹುಮಟ್ಟಿಗೆ ಉಪಾಧ್ಯಾಯರೇ. ದಸರೆಯ ರಜೆ ಅದರಲ್ಲಿಯೇ ಕಳೆಯಿತು. ಮುಗಿಯದೆ ಉಳಿದುದಕ್ಕಾಗಿ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಬೇಕಾಯಿತು. ಸಮೀಕ್ಷೆ ಬೇಕಿತ್ತೇ ಬೇಡವಿತ್ತೇ ಎಂಬುದು ಇಲ್ಲಿಯ ಚರ್ಚೆಯಲ್ಲ. ಬಿಡುವು ಯಾರದು ಹೋಯಿತೆಂಬುದಷ್ಟೇ ನನ್ನ ಮಾತು.

ಇನ್ನು ಕಾಯಕದ ವಿಚಾರ. ಕೆಲಸದ ಹೊರೆ ಹಿರಿದಾಗಿ, ಅದನ್ನು ನಡೆಸುವ ರೀತಿಯಲ್ಲಿ ಮಾಡುವವನ ಮಾತು ನಡೆಯದಿರುವಲ್ಲಿ ಮನುಷ್ಯನು ಹೆಚ್ಚು ಕುಗ್ಗುತ್ತಾನೆಂದು ರಾಬರ್ಟ್ ಕರಾಸೆಕ್ ಎಂಬ ಪಂಡಿತನು 1979ರಲ್ಲಿ ಪ್ರತಿಪಾದಿಸಿದನು. ನಮಗೆ ಇದು ಹೊಸದೇನಲ್ಲ. ಕಾಯಕವೆಂದರೆ ತಾನಾಗಿ ಒಪ್ಪಿ ಹಿಡಿದದ್ದು. ಮತ್ತೊಬ್ಬನು ಹೇರಿದ್ದಕ್ಕೆ ಬಿಟ್ಟಿಯೆಂದು ಬೇರೆ ಹೆಸರಿದೆ. ಅದಲ್ಲದೆ ಕಾಯಕಕ್ಕೆ ಅಳತೆಯೂ ಉಂಟು. ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ಬಲ್ಲಿರಿ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ನಿತ್ಯದ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮನವರು ಗಂಡನನ್ನು ಹಿಂದಿರುಗಿಸಿದರು. ಇದನ್ನು ನಾವು ದುರಾಸೆಯ ನಿಷೇಧವೆಂದು ಮಾತ್ರ ಓದುತ್ತೇವೆ. ಇಷ್ಟು ಸಾಕು, ಇದಕ್ಕೆ ಮೀರಿದ್ದು ನಮ್ಮದಲ್ಲ ಎಂದು ಹೇಳುವ ಅಧಿಕಾರ ಕಾಯಕ ಮಾಡುವವರ ಕೈಯಲ್ಲಿಯೇ ಇತ್ತೆಂಬುದನ್ನೂ ಓದಬೇಡವೇ?

ಬೆಳಗಾವಿಯಲ್ಲಿ 1916ರಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದ ಏಳು ಮಂದಿಯೂ ಉಪಾಧ್ಯಾಯರೇ. ನಾಡು ಅವರನ್ನು ಸಪ್ತರ್ಷಿಗಳೆಂದು ಕೊಂಡಾಡುತ್ತದೆ. ಅವರ ತ್ಯಾಗವನ್ನು ಇಂದಿನ ಉಪಾಧ್ಯಾಯರ ಮುಂದೆ ಎತ್ತಿ ಹಿಡಿಯುವ ಆಡಳಿತ ಮಂಡಲಿಗಳು ಬಹಳ. ಆದರೆ ಆ ಮಹನೀಯರು ತ್ಯಾಗವನ್ನು ತಾವೇ ಆರಿಸಿಕೊಂಡವರು. ತ್ಯಾಗವು ಕೊಡುವವನ ಸ್ವತ್ತು. ಪಡೆಯುವವನು ಅದನ್ನು ಕೇಳಿ ವಸೂಲು ಮಾಡತಕ್ಕದ್ದಲ್ಲ. ಅನುದಾನವಿಲ್ಲದ ಶಾಲೆಯಲ್ಲಿ ಅಲ್ಪ ವೇತನಕ್ಕೆ ದುಡಿಯುತ್ತ, ಬರುವ ವರ್ಷ ಕೆಲಸ ಉಳಿದೀತೋ ಇಲ್ಲವೋ ಎಂದು ಚಿಂತಿಸುವವನಿಗೆ ತ್ಯಾಗದ ಕಥೆಯಿಂದ ಹೊಟ್ಟೆ ತುಂಬದು. ಮಠಮಾನ್ಯಗಳು ನಡೆಸುವ ಶಾಲೆಗಳೂ ಈ ಮಾತಿಗೆ ಹೊರತೆಂದು ತಿಳಿಯಬಾರದಾಗಿ ವಿನಯದಿಂದ ಅರಿಕೆ ಮಾಡುತ್ತೇನೆ.

ಭಕ್ತರಾದ ನಮ್ಮ ಕೈಯಲ್ಲಿಯೂ ಕೆಲವು ಸಂಗತಿಗಳಿವೆ. 2001ರಲ್ಲಿ ಏರ್ಪಟ್ಟ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಲ್ಲಿ ತಂದೆತಾಯಿಗಳದೇ ಬಹುಮತ. ಸಭೆಗೆ ಹೋದಾಗ ಅಂಕಗಳನ್ನು ಕೇಳುವುದಕ್ಕೆ ಮೊದಲು, ಶಾಲೆಯಲ್ಲಿ ಎಷ್ಟು ಹುದ್ದೆ ಖಾಲಿ ಇವೆ, ಕಳೆದ ತಿಂಗಳು ಉಪಾಧ್ಯಾಯರು ಎಷ್ಟು ದಿನ ಅನ್ಯಕಾರ್ಯಕ್ಕೆ ಹೋದರು, ಅಧ್ಯಾಪಕಿಯರಿಗೆ ಶೌಚಗೃಹವಿದೆಯೇ ಎಂದು ಕೇಳಿರಿ. ಊರಿನ ಓದಿದ ತರುಣನೊಬ್ಬನು ದಾಸೋಹದ ಲೆಕ್ಕವನ್ನು ಬರೆದುಕೊಡಲು ಮುಂದಾದರೆ ದಿನಕ್ಕೊಂದು ಪಾಠ ಉಳಿಯುತ್ತದೆ.

ಶ್ರೀಮಠದ ವಿದ್ಯಾಸಂಸ್ಥೆಗಳಲ್ಲಿ ಶಾಲೆ ಬಿಟ್ಟ ಮೇಲೆ ಉಪಾಧ್ಯಾಯರಿಗೆ ಯಾವ ಬರವಣಿಗೆಯ ಕೆಲಸವನ್ನೂ ಕಳುಹಿಸಕೂಡದೆಂದೂ, ದಿನಕ್ಕೆ ಒಂದು ಅವಧಿ ಅವರ ಕಂಠಕ್ಕೆ ವಿಶ್ರಾಂತಿ ದೊರೆಯಬೇಕೆಂದೂ, ಈ ಮಹೋತ್ಸವದ ನೆನಪಿಗಾಗಿ ಸನ್ನಿಧಿಯವರು ಅಪ್ಪಣೆ ಕೊಡಿಸಬೇಕೆಂದು ಬೇಡುತ್ತೇನೆ.