ಷ್ಟೆಖ್ಲೀನ್: ಒಂದು ಕಾಡಿನ ಸರೋವರದ ಋತುಗಳು ಮತ್ತು ಈಜುವವರ ಪಾಲು



ಬರ್ಲಿನ್ನಿನಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿ, ಬೀಚ್ ಮರಗಳ ಕಾಡಿನ ನಡುವೆ ಷ್ಟೆಖ್ಲೀನ್ ಸರೋವರವಿದೆ. ಹಿಮಯುಗದ ಮಂಜಿನ ಹಾಸು ಹಿಂದೆ ಸರಿದಾಗ ಉಳಿದ ತಗ್ಗು ಅದು. ವಿಸ್ತಾರ 4 ಚದರ ಕಿಲೋಮೀಟರಿಗೆ ತುಸು ಹೆಚ್ಚು, ಆಳ ಸುಮಾರು 69 ಮೀಟರ್. ಬ್ರಾಂಡೆನ್‌ಬುರ್ಗ್ ರಾಜ್ಯದಲ್ಲಿ ಇದಕ್ಕಿಂತ ಆಳವಾದ ಸರೋವರವಿಲ್ಲ. ಹೇಳಿಕೊಳ್ಳುವಂಥ ಹೊಳೆ ಯಾವುದೂ ಇದನ್ನು ಸೇರುವುದಿಲ್ಲ. ಅಂತರ್ಜಲ ಮತ್ತು ಮಳೆಯೇ ಇದರ ಆಸರೆ. ಟೇಯೋಡೋರ್ ಫೋಂಟಾನೆ ತಮ್ಮ ಕೊನೆಯ ಕಾದಂಬರಿಗೆ ಈ ಸರೋವರದ ಹೆಸರನ್ನೇ ಇಟ್ಟರು. ದೂರದ ದೇಶದಲ್ಲಿ ಭೂಮಿ ನಡುಗಿದರೆ ಇಲ್ಲಿನ ನೀರೂ ಕಲಕುತ್ತದೆ, ಒಳಗಿನಿಂದ ಕೆಂಪು ಹುಂಜವೊಂದು ಎದ್ದು ಕೂಗುತ್ತದೆ ಎಂಬ ಜನರ ನಂಬಿಕೆ ಅದರಲ್ಲಿ ಬರುತ್ತದೆ. ಅದೇ ಕಾದಂಬರಿಯಲ್ಲಿ ಮುದಿ ಜಮೀನ್ದಾರ ಚುನಾವಣೆಗೆ ನಿಂತು ಸೋಷಿಯಲ್ ಡೆಮಾಕ್ರಟ್ ಅಭ್ಯರ್ಥಿಯೆದುರು ಸೋಲುವ ಪ್ರಸಂಗ ಈ ಸಭೆಗೆ ಹುಂಜಕ್ಕಿಂತಲೂ ಹೆಚ್ಚು ಪ್ರಿಯವಾದೀತು.

ನೀರು ಅತ್ಯಂತ ಭಾರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕಿಂತ ಬೆಚ್ಚಗಾದರೂ ಹಗುರ, ತಣ್ಣಗಾದರೂ ಹಗುರ. ಉತ್ತರದ ಸರೋವರಗಳ ವರ್ಷವೆಲ್ಲ ಈ ಒಂದು ಗುಣದ ಮೇಲೆ ನಿಂತಿದೆ. ವಸಂತದಲ್ಲಿ ಮೇಲಿನ ನೀರು 4 ಡಿಗ್ರಿ ಮುಟ್ಟಿದಾಗ ಮೇಲೂ ಕೆಳಗೂ ಒಂದೇ ತೂಕ. ಗಾಳಿ ಬೀಸಿದರೆ ಇಡೀ ಸರೋವರ ತಳದವರೆಗೆ ಮಗುಚಿಕೊಳ್ಳುತ್ತದೆ, ಆಮ್ಲಜನಕ ಕೆಳಗಿಳಿಯುತ್ತದೆ. ಆಮೇಲೆ ಬಿಸಿಲು ಮೇಲ್ಪದರವನ್ನಷ್ಟೇ ಕಾಯಿಸುತ್ತದೆ. ಏಪ್ರಿಲ್‌ನಲ್ಲಿ ಮೈಮುಟ್ಟಲಾಗದ ನೀರು ಜೂನ್ ಹೊತ್ತಿಗೆ 18 ಡಿಗ್ರಿಯ ಆಸುಪಾಸಿಗೆ ಬರುತ್ತದೆ, ಜುಲೈ-ಆಗಸ್ಟ್‌ಗಳಲ್ಲಿ 20 ದಾಟುತ್ತದೆ. ಆದರೆ ಈ ಬೆಚ್ಚನೆಯ ಹೊದಿಕೆ ಕೆಲವೇ ಮೀಟರ್ ದಪ್ಪ. ಅದರ ಕೆಳಗೆ ತಾಪಮಾನ ಥಟ್ಟನೆ ಕುಸಿಯುತ್ತದೆ. ತಳದಲ್ಲಿ ನಡುಬೇಸಿಗೆಯಲ್ಲೂ ನಾಲ್ಕೈದು ಡಿಗ್ರಿಯೇ. ಸೆಪ್ಟೆಂಬರ್ ಮಾತ್ರ ಈಜುಗಾರರಿಗೆ ಉದಾರಿ: ಗಾಳಿ ತಣ್ಣಗಾದ ಮೇಲೂ ನೀರು ಬೇಸಿಗೆಯ ಕಾವನ್ನು ಹಿಡಿದಿಟ್ಟುಕೊಂಡಿರುತ್ತದೆ. ಮೇ ತಿಂಗಳು ಇದಕ್ಕೆ ತದ್ವಿರುದ್ಧ. ಹೊರಗೆ 28 ಡಿಗ್ರಿಯ ಬಿಸಿಲು, ನೀರು ಇನ್ನೂ 12 ಅಥವಾ 13. ದಡದಲ್ಲಿ ಬೆವರುವವರನ್ನು ಮೋಸಗೊಳಿಸುವ ತಿಂಗಳು ಅದೇ.

ನೀರು 15 ಡಿಗ್ರಿಗಿಂತ ಕೆಳಗಿದ್ದಾಗ ಅದಕ್ಕೆ ಧುಮುಕಿದವರ ದೇಹ ಒಮ್ಮೆಲೇ ಏದುಸಿರು ಎಳೆದುಕೊಳ್ಳುತ್ತದೆ. ಆ ಉಸಿರಿಗೆ ಮನಸ್ಸಿನ ಅಪ್ಪಣೆ ಬೇಕಿಲ್ಲ. ಮುಖ ನೀರಿನೊಳಗಿದ್ದರೆ ಒಳಹೋಗುವುದು ಗಾಳಿಯಲ್ಲ, ನೀರು. ಮೊದಲ ಒಂದೆರಡು ನಿಮಿಷದ ಈ ಆಘಾತ ಕಳೆದರೂ ನಿಧಾನವಾಗಿ ಕೈಕಾಲುಗಳ ಸ್ನಾಯುಗಳು ಮರಗಟ್ಟುತ್ತವೆ, ಬಲ್ಲ ಈಜೂ ಕೈಕೊಡುತ್ತದೆ. ದೇಹದ ಒಳಗಿನ ಕಾವು ಇಳಿದು ಸಾಯುವುದಕ್ಕೆ ಇನ್ನೂ ಬಹಳ ಹೊತ್ತು ಬೇಕು. ತಣ್ಣೀರಿನಲ್ಲಿ ಸಾಯುವವರಲ್ಲಿ ಅನೇಕರು ಅಷ್ಟು ಹೊತ್ತು ಉಳಿಯುವುದೇ ಇಲ್ಲ. ಆದ್ದರಿಂದ ನಡೆದುಕೊಂಡು ಇಳಿಯುವುದು, ಉಸಿರು ಹತೋಟಿಗೆ ಬರುವವರೆಗೆ ಎದೆಮಟ್ಟದಲ್ಲಿ ನಿಲ್ಲುವುದು, ದಡಕ್ಕೆ ಸಮಾನಾಂತರವಾಗಿ ಈಜುವುದು ಇಲ್ಲಿನ ವಿವೇಕ.

ಈ ವಿವೇಕ ಬಯಲುಸೀಮೆಯ ಬಾವಿಯಲ್ಲಿ, ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವರಿಗೆ ಬೇಕಾಗಿರಲಿಲ್ಲ. ಅಲ್ಲಿ ಮೆಟ್ಟಿಲಿನಿಂದ ಧುಮುಕುವುದೇ ಆಟ. ಜರ್ಮನಿಗೆ ಬಂದ ಕನ್ನಡಿಗರಲ್ಲಿ ಹೀಗೆ ಕಲಿತವರಿಗಿಂತ ಕಲಿಯದವರೇ ಹೆಚ್ಚಿರಬಹುದು. ಕಲಿಯದಿರುವುದಕ್ಕೂ ಚರಿತ್ರೆಯಿದೆ: ಊರಿನ ಬಾವಿಗೆ ಯಾರು ಇಳಿಯಬಹುದು ಎಂಬುದನ್ನು ಜಾತಿ ನಿರ್ಧರಿಸುತ್ತಿತ್ತು, ಹೆಣ್ಣುಮಕ್ಕಳು ಇಳಿಯುವ ಮಾತೇ ಇರಲಿಲ್ಲ. 1927ರಲ್ಲಿ ಮಹಾಡಿನ ಚವದಾರ್ ಕೆರೆಯ ನೀರನ್ನು ಅಂಬೇಡ್ಕರ್ ಬೊಗಸೆಯಲ್ಲಿ ಎತ್ತಿ ಕುಡಿದದ್ದೇ ಅಪರಾಧವೆನಿಸಿತು. ಹನ್ನೊಂದು ವರ್ಷಗಳ ನಂತರ, 1938ರ ಡಿಸೆಂಬರ್‌ನಲ್ಲಿ, ಬರ್ಲಿನ್ನಿನ ಪೊಲೀಸರು ಯಹೂದಿಗಳಿಗೆ ನಗರದ ಸ್ನಾನಗೃಹಗಳನ್ನೂ ಬಯಲು ಈಜುತಾಣಗಳನ್ನೂ ನಿಷೇಧಿಸಿದರು. ಎರಡೂ ಒಂದೇ ಎನ್ನಲಾಗದು. ಆದರೆ ಇನ್ನೊಬ್ಬರ ಮೈ ಮುಟ್ಟಿದ ನೀರಿನ ಬಗೆಗಿನ ಹೇಸಿಗೆ ಎರಡೂ ಕಡೆ ಕಾಣುತ್ತದೆ.

ಇಂದು ತಡೆಯುವುದು ಫಲಕವಲ್ಲ, ಹಣ. ಜರ್ಮನ್ ಜೀವರಕ್ಷಕರ ಸಂಘ ಡಿಎಲ್‌ಆರ್‌ಜಿ 1913ರಲ್ಲಿ ಹುಟ್ಟಿದ್ದು, ಅದರ ಹಿಂದಿನ ವರ್ಷ ರ‍್ಯೂಗನ್ ದ್ವೀಪದ ಬಿನ್ಸ್‌ನಲ್ಲಿ ಹಡಗುಕಟ್ಟೆ ಮುರಿದು ಜನ ಮುಳುಗಿದ ಮೇಲೆ. 2022ರಲ್ಲಿ ಅದು ಮಾಡಿಸಿದ ಸಮೀಕ್ಷೆಯ ಪ್ರಕಾರ ಪ್ರಾಥಮಿಕ ಶಾಲೆಯ ವಯಸ್ಸಿನ ಮಕ್ಕಳಲ್ಲಿ ಶೇ. 20ರಷ್ಟು ಮಂದಿಗೆ ಈಜು ಬಾರದು. ಐದು ವರ್ಷ ಹಿಂದೆ ಇದು ಶೇ. 10 ಇತ್ತು. ತಿಂಗಳ ಆದಾಯ 2,500 ಯೂರೋಗಿಂತ ಕಡಿಮೆಯಿರುವ ಮನೆಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಕ್ಕಳು ಈಜಲಾರರು. ಈಜುಕೊಳಗಳು ಒಂದೊಂದಾಗಿ ಮುಚ್ಚುತ್ತಿರುವ ಪುರಸಭೆಗಳಲ್ಲಿ ತರಬೇತಿಗೆ ಹೆಸರು ಬರೆಸಿ ಕಾಯಬೇಕು. ಕಾಯಲು ಪುರುಸೊತ್ತಿಲ್ಲದವರು ಹಣ ಕೊಟ್ಟು ಕಲಿಯುತ್ತಾರೆ. 2016ರಲ್ಲಿ ಇದೇ ಸಂಘ ಲೆಕ್ಕ ಹಾಕಿದ ಮುಳುಗುಸಾವುಗಳಲ್ಲಿ 64 ಮಂದಿ ನಿರಾಶ್ರಿತರು. ಅವರಲ್ಲಿ ಅನೇಕರು ಸಮುದ್ರ ದಾಟಿ ಬಂದವರಿರಬೇಕು.

ಸರೋವರದ ಕಥೆಯೂ ಬದಲಾಗುತ್ತಿದೆ. ಪೂರ್ವ ಜರ್ಮನಿಯ ಮೊದಲ ಅಣು ವಿದ್ಯುತ್ ಸ್ಥಾವರ 1966ರಿಂದ 1990ರವರೆಗೆ ಇದರ ದಡದ ಬಳಿಯೇ ನಡೆಯಿತು. ಪಕ್ಕದ ನೇಮಿಟ್ಸ್ ಸರೋವರದಿಂದ ನೀರೆತ್ತಿ, ಯಂತ್ರಗಳನ್ನು ತಣಿಸಿ, ಬಿಸಿಯಾದ ನೀರನ್ನು ಷ್ಟೆಖ್ಲೀನಿಗೆ ಬಿಡುತ್ತಿದ್ದರು. ಸ್ಥಾವರ ನಿಂತಿತು, ಬಿಸಿ ಈಗ ಆಕಾಶದಿಂದ ಬರುತ್ತಿದೆ. ಚಳಿಗಾಲದಲ್ಲಿ ಮಂಜುಗಟ್ಟುವುದು ಅಪರೂಪವಾಗಿದೆ, ಬೇಸಿಗೆಯ ಪದರ ಹೆಚ್ಚು ಕಾಲ ನಿಲ್ಲುತ್ತದೆ. ಈಜುವವರಿಗೆ ಇದು ಲಾಭವೆಂದೇ ತೋರೀತು. ಆದರೆ ಪದರ ನಿಂತಷ್ಟು ಕಾಲ ತಳಕ್ಕೆ ಆಮ್ಲಜನಕ ಇಳಿಯದು. ಆಮ್ಲಜನಕವಿಲ್ಲದ ಕೆಸರು ರಂಜಕವನ್ನು ಬಿಟ್ಟುಕೊಡುತ್ತದೆ, ರಂಜಕ ಪಾಚಿಗೆ ಗೊಬ್ಬರ. ಕನ್ನಡಿಯಂತಿದ್ದ ಈ ನೀರಿನಲ್ಲಿ ರಂಜಕ ಈಚಿನ ವರ್ಷಗಳಲ್ಲಿ ಹಲವು ಪಟ್ಟು ಏರಿದೆ. ಜಗತ್ತಿನಲ್ಲಿ ಈ ಸರೋವರವೊಂದರಲ್ಲೇ ಇರುವ, 2003ರಲ್ಲಿ ಫೋಂಟಾನೆಯವರ ಹೆಸರನ್ನೇ ಪಡೆದ ಒಂದು ಗಿಡ್ಡ ಮೀನು ಆಳದ ತಂಪಿನಲ್ಲಿ ಬದುಕುತ್ತದೆ. ಅದಕ್ಕೆ ಹೋಗಲು ಬೇರೆ ಊರಿಲ್ಲ.

ನೀರು ಯಾರದು ಎಂಬ ಜಗಳ ಇದೇ ರಾಜ್ಯದಲ್ಲಿ ಬಹಿರಂಗವಾಗಿಯೇ ನಡೆಯಿತು. ಏಕೀಕರಣದ ಬಳಿಕ ಪೂರ್ವ ಜರ್ಮನಿಯ ಸರ್ಕಾರಿ ಸರೋವರಗಳು ಮಾರಾಟಕ್ಕೆ ಬಂದವು. ವಾಂಡ್ಲಿಟ್ಸ್ ಸರೋವರ 2003ರಲ್ಲಿ ಖಾಸಗಿ ಕೈಗೆ ಹೋಯಿತು. ಆಮೇಲೆ ದಡದವರ ಮರದ ಕಟ್ಟೆಗಳಿಗೂ ಹಣ ಕೇಳಲಾಯಿತು. ಜನ ಸಹಿ ಸಂಗ್ರಹಿಸಿದರು, ಪ್ರತಿಭಟಿಸಿದರು. 2009ರಲ್ಲಿ ಮಾರಾಟಕ್ಕೆ ತಡೆ ಬಿತ್ತು. ಕೆಲವು ವರ್ಷಗಳ ನಂತರ ಬ್ರಾಂಡೆನ್‌ಬುರ್ಗ್ ಸರ್ಕಾರ ಇಂಥ 65 ಸರೋವರಗಳನ್ನು ಸುಮಾರು 37 ಲಕ್ಷ ಯೂರೋ ಕೊಟ್ಟು ಕೊಂಡುಕೊಂಡಿತು. ಒಂದು ಕಾಲಕ್ಕೆ ಸಾರ್ವಜನಿಕರದೇ ಆಗಿದ್ದ ನೀರಿಗೆ ಸಾರ್ವಜನಿಕರ ಬೊಕ್ಕಸದಿಂದಲೇ ಬೆಲೆ ಕಟ್ಟಲಾಯಿತು. ವಾಂಡ್ಲಿಟ್ಸ್ ಮಾತ್ರ ಅಷ್ಟರಲ್ಲಿ ಕೈ ಬಿಟ್ಟುಹೋಗಿತ್ತು.