ಹೊಳೆಗೂ ಒಂದು ಬೇಲಿ ಬೇಕು

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ನಾವು ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಮನೆ ಮಾಡಿಕೊಂಡಿದ್ದರೂ ನಮ್ಮ ಹೊಲ ಇಲ್ಲೇ, ಸದಸ್ಯತ್ವವೂ ಇಲ್ಲೇ. ಆ ಸಲಿಗೆಯಿಂದ ನಾಲ್ಕು ಮಾತು.

ಕಾಡಿಗೆ ಅಭಯಾರಣ್ಯ ಇರುವಂತೆ ನೀರಿಗೂ ರಕ್ಷಿತ ಪ್ರದೇಶ ಉಂಟು. ಸಮುದ್ರದಲ್ಲಿ ಕಚ್ ಕೊಲ್ಲಿಗೆ 1982ರಲ್ಲಿ, ಮನ್ನಾರ್ ಕೊಲ್ಲಿಗೆ 1986ರಲ್ಲಿ ಇಂಥ ರಕ್ಷಣೆ ಸಿಕ್ಕಿತು. "ನಮಗ ಸಮುದ್ರ ಎಲ್ಲೈತಿ?" ಅಂತೀರಿ. ಸಮುದ್ರ ಇಲ್ಲ, ಹೊಳೆ ಐತಲ್ಲ! 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗೆ ತುಂಗಭದ್ರೆಯ ಸುಮಾರು 34 ಕಿ.ಮೀ. ಉದ್ದವನ್ನು ಸರ್ಕಾರ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು.

ನೀರುನಾಯಿಗೆ ಮೀನೇ ಅನ್ನ. ಬಂಡೆಯ ಸಂದು, ಜೊಂಡಿನ ಪೊದೆಯೇ ಮನೆ. ಅದು ಬಲೆ ಹರಿಯುತ್ತದೆಂದು ಮೀನುಗಾರರು ನೊಂದು ಹೇಳುತ್ತಾರೆ. ಆ ಮಾತು ಸುಳ್ಳಲ್ಲ. ಬಡವನಿಗೆ ಬಲೆಯೇ ಬಂಡವಾಳ. ಆದರೆ ನೀರುನಾಯಿ ತನ್ನ ಹೊಟ್ಟೆಗೆ ಬೇಕಾದಷ್ಟು ಹಿಡಿಯುತ್ತದೆ. ಮದ್ದು ಸಿಡಿಸಿದರೆ ನಾಳೆ ದೊಡ್ಡದಾಗಬೇಕಾದ ಮರಿಮೀನೂ ಸಾಯುತ್ತದೆ. ಮರಳು ಬಗೆದರೆ, ಜೊಂಡು ಸುಟ್ಟರೆ ನೀರುನಾಯಿಗೂ ನೆಲೆಯಿಲ್ಲ, ಮೀನಿಗೂ ಇಲ್ಲ. ಕಡೆಗೆ ನಷ್ಟ ಬಲೆ ಹಾಕುವವನಿಗೇ.

ಇನ್ನು ಆಡಳಿತದ ಮಾತು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಸರ್ಕಾರಿ ಜಾಗವನ್ನು ಸಂರಕ್ಷಣಾ ಮೀಸಲು ಮಾಡುವ ಮುನ್ನ ಸ್ಥಳೀಯ ಜನರ ಜೊತೆ ಸಮಾಲೋಚನೆ ಆಗಬೇಕು. ನಿರ್ವಹಣಾ ಸಮಿತಿಯಲ್ಲಿ ಅರಣ್ಯ ಇಲಾಖೆಯವರಷ್ಟೇ ಅಲ್ಲ, ಆ ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯ್ತಿಯಿಂದ ಒಬ್ಬ ಪ್ರತಿನಿಧಿ, ಕೃಷಿ ಮತ್ತು ಪಶುಸಂಗೋಪನೆ ಇಲಾಖೆಗಳವರೂ ಇರಬೇಕು. ಅಂದರೆ ಹಳ್ಳಿಯವರಿಗೆ ಅಲ್ಲಿ ಕುರ್ಚಿ ಉಂಟು. ಕುರ್ಚಿ ಖಾಲಿ ಬಿಟ್ಟು ಆಮೇಲೆ ಇಲಾಖೆಯನ್ನು ಬೈದರೆ ಫಲವೇನು? ಬಲೆ ಹರಿದವನ ಕಷ್ಟವನ್ನೂ ಅಲ್ಲೇ ಹೇಳಬೇಕು.

ನಮ್ಮ ಊರು ಆ ಗಡಿಯೊಳಗೆ ಬರುವುದಿಲ್ಲ, ನಿಜ. ಆದರೆ ಹೊಳೆಗೆ ಗಡಿ ಗೊತ್ತೇ? ಭತ್ತಕ್ಕೆ ಹೊಡೆಯುವ ಎಣ್ಣೆ, ಹಾಕುವ ಗೊಬ್ಬರ ಗದ್ದೆಯಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಸೇರುತ್ತದೆ. ಕಂಪ್ಲಿಯ ನೀರು ಸಿರುಗುಪ್ಪದ ಕಡೆಗೇ ಹರಿದು ಬರುತ್ತದೆ. ಗೊಬ್ಬರ ಮಾರುವ ಸೊಸೈಟಿ ನಮ್ಮದೇ ಆದ್ದರಿಂದ ಹೊಣೆಯೂ ನಮ್ಮದೇ. ಎಣ್ಣೆ ಹೊಡೆದ ಪಂಪನ್ನು ಕಾಲುವೆಯಲ್ಲಿ ತೊಳೆಯಬಾರದು, ಖಾಲಿ ಡಬ್ಬಿ ಹಳ್ಳಕ್ಕೆ ಎಸೆಯಬಾರದು, ಅಳತೆ ಮೀರಿ ಗೊಬ್ಬರ ಹಾಕಬಾರದು. ಈ ಮೂರು ಮಾತನ್ನು ನಮ್ಮ ಗೊಬ್ಬರದ ಗೋದಾಮಿನ ಗೋಡೆಗೆ ಬರೆಸೋಣ.

ಇಪ್ಪತ್ತೈದು ವರ್ಷ ಸಾಲ ಕೊಟ್ಟು ವಸೂಲಿ ಮಾಡುವುದನ್ನು ಕಲಿತಿದ್ದೇವೆ. ಹೊಳೆಯಿಂದ ಪಡೆದ ಸಾಲವನ್ನೂ ತೀರಿಸೋಣ.